ಒಲೆಯ ಮುಂದಿನ ಮೌನ

ಪ್ರಾಚೀನ ರೋಮಿನ ಗೃಹಸ್ಥನಿಗೆ ದೇವರು ಗುಡಿಯಲ್ಲಿ ಮಾತ್ರವಲ್ಲ, ಮನೆಯ ಒಲೆಯ ಬಳಿಯಲ್ಲಿಯೂ ಇದ್ದನು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆಯಿ ನಗರದ ಮನೆಗಳಲ್ಲಿ ಗೋಡೆಯ ದೇವರಗೂಡುಗಳು ಇಂದಿಗೂ ಉಳಿದಿವೆ. ಒಂದು ಗೂಡಿನ ಚಿತ್ರದಲ್ಲಿ ಲಾರೆಸ್ ಎಂಬ ಗೃಹರಕ್ಷಕ ದೇವತೆಗಳು. ಅವರ ಕೆಳಗೆ ಬಲಿಪೀಠದತ್ತ ಹರಿದುಬರುವ ಸರ್ಪ. ನಾಗರಕಲ್ಲಿಗೆ ಕೈಮುಗಿದು ಬೆಳೆದ ನನಗೆ ಅದು ಅಪರಿಚಿತವೆನಿಸಲಿಲ್ಲ.

ಅವರ ನಿತ್ಯಪೂಜೆ ಬಲು ಕಿರಿದು. ಪ್ಲಾಟಸನ ಪ್ರಹಸನವೊಂದರಲ್ಲಿ ಗೃಹದೇವನೇ ರಂಗಕ್ಕೆ ಬರುತ್ತಾನೆ. ಮನೆಯ ಯಜಮಾನ ಜಿಪುಣ. ಅವನ ಮಗಳು ಮಾತ್ರ ದಿನವೂ ಧೂಪವನ್ನೋ ದ್ರಾಕ್ಷಾರಸವನ್ನೋ ತಪ್ಪದೆ ಅರ್ಪಿಸುತ್ತಾಳೆ. ಅದಕ್ಕೆ ಮೆಚ್ಚಿಯೇ ದೇವನು ಆ ಮನೆಗೆ ನಿಧಿಯನ್ನು ತೋರಿಸುತ್ತಾನೆ. ಊಟದ ನಡುವೆ ದೇವತೆಗಳ ಪಾಲನ್ನು ಒಲೆಯ ಬೆಂಕಿಗೆ ಹಾಕಿ, ಅವರು ಪ್ರಸನ್ನರಾದರೆಂದು ಬಾಲಕನೊಬ್ಬ ಸಾರುವವರೆಗೆ ಎಲ್ಲರೂ ಮೌನವಾಗಿರುತ್ತಿದ್ದರೆಂದು ವ್ಯಾಖ್ಯಾನಕಾರ ಸರ್ವಿಯಸ್ ಬರೆದಿದ್ದಾನೆ. ಸಂಸಾರಿಗೆ ಇದಕ್ಕಿಂತ ಬೇರೆ ಧ್ಯಾನವೇಕೆ?

392ರಲ್ಲಿ ಚಕ್ರವರ್ತಿ ಥಿಯೊಡೋಸಿಯಸನ ಶಾಸನವು ಮನೆಯೊಳಗಿನ ಈ ದೀಪಧೂಪಗಳನ್ನೂ ನಿಷೇಧಿಸಿತು. ಅಷ್ಟು ಕಿರಿದಾದ ಪೂಜೆಗೂ ಸಾಮ್ರಾಜ್ಯ ಅಂಜಿತ್ತು.

ತಾಯಿ ತೀರಿಕೊಂಡ ಮೇಲೆ ನಮ್ಮ ದೇವರಗೂಡಿನಲ್ಲಿ ದೀಪವಿಲ್ಲದ ಸಂಜೆಗಳೇ ಹೆಚ್ಚು. ನನ್ನನ್ನು ಯಾವ ಶಾಸನವೂ ತಡೆದಿರಲಿಲ್ಲ. ತಿದ್ದಬೇಕಾದ ಉತ್ತರಪತ್ರಿಕೆಗಳ ನೆಪವೊಂದೇ ಸಾಕಾಗಿತ್ತು. ನಂಬಿಕೆ ಸಡಿಲವಾದ್ದರಿಂದ ದೀಪ ನಿಂತಿತೆಂದು ತಿಳಿದಿದ್ದೆ. ದೀಪ ನಿಂತದ್ದರಿಂದಲೇ ನಂಬಿಕೆ ಸಡಿಲವಾಯಿತೋ ಏನೋ.

ನಿನ್ನೆ ಸಂಜೆ ಬತ್ತಿ ಹೊಸೆದು ದೀಪ ಹಚ್ಚಿದೆ. ‘ಇವತ್ತೇನಪ್ಪ ವಿಶೇಷ?’ ಎಂದು ಮಗ ಕೇಳಿದ. ಉತ್ತರ ತೋಚದೆ ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವನೂ ಬಂದು ಪಕ್ಕದಲ್ಲಿ ಕುಳಿತ.