ಕೋಡಿಯನ್ನು ಕಾಯುವ ಸರಪಳಿ

ಕೆರೆಗೆ ಏರಿ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ಹೆಚ್ಚಾದ ನೀರಿಗೆ ದಾರಿಯಿಲ್ಲದಿದ್ದರೆ ಏರಿಯೇ ಒಡೆದೀತು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ ಅಂಥ ಕೋಡಿಯೆಂದರೆ ಅದರ 33 ಬಾಗಿಲುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅವುಗಳನ್ನು ಏರಿಳಿಸುವುದು ಸರಪಳಿ.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, 19ನೆಯ ಬಾಗಿಲಿನ ಸರಪಳಿ ತುಂಡಾಯಿತು. ಸುಮಾರು ಎಪ್ಪತ್ತು ವರ್ಷ ದುಡಿದ ಬಾಗಿಲು ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಗದ್ದೆಗಳಿಗೆಂದು ಕೂಡಿಟ್ಟ ನೀರು ಹಂಪಿ, ಕಂಪ್ಲಿಗಳನ್ನು ದಾಟಿ ಹೊಳೆಯ ಪಾಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಐದು ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದರಂತೆ ಇಳಿಸಿ, ವಾರದೊಳಗೆ ಆ ಕಂಡಿಯನ್ನು ಮುಚ್ಚಲಾಯಿತು.

ಮುರಿದದ್ದು ಅಣೆಕಟ್ಟಲ್ಲ, ಒಂದು ಸರಪಳಿ! ಕೊಂಡಿಯ ಸವೆತ, ತುಕ್ಕುಗಳನ್ನು ನೋಡಬೇಕಾದುದು ನೀರು ಇಳಿದಿರುವ ಬೇಸಗೆಯಲ್ಲಿ; ಮಳೆಗಾಲ ಬಂದಾಗ ಕಾಲ ಮಿಂಚಿರುತ್ತದೆ. ಮನೆಯ ಮಾಳಿಗೆಯ ಮೇಲಿನ ನೀರಿನ ತೊಟ್ಟಿಗೂ ಇದೇ ನ್ಯಾಯ. ತುಂಬುವ ಕೊಳವೆಯನ್ನು ಎಲ್ಲರೂ ನೋಡುತ್ತಾರೆ. ಹೆಚ್ಚಿನ ನೀರು ಹೊರಹೋಗುವ ಕೊಳವೆ ಕಸದಿಂದ ಕಟ್ಟಿಕೊಂಡಿದೆಯೇ ಎಂದು ನೋಡುವವರು ಎಷ್ಟು ಮಂದಿ?