ತಾಳ ಸಿಕ್ಕಿತು, ರಾಗ ಇನ್ನೂ ದೂರ

1978. ಮೆಲ್ಬರ್ನ್‌ನ ಪ್ರಯೋಗ ಕೋಣೆಯೊಂದರಲ್ಲಿ ಕುಳಿತಿದ್ದ ರಾಡ್ ಸಾಂಡರ್ಸ್ ತಟ್ಟನೆ ಎದ್ದು ನೆಟ್ಟಗೆ ನಿಂತರು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಪೂರ್ತಿ ಕಿವುಡಾಗಿದ್ದವರು ಅವರು. ಅದೇ ವರ್ಷ ಆಗಸ್ಟ್ 1ರಂದು ಡಾ. ಗ್ರೇಮ್ ಕ್ಲಾರ್ಕ್ ಈ ಸಾಂಡರ್ಸ್ ಅವರ ಒಳಗಿವಿಗೆ ವಿದ್ಯುದಗ್ರಗಳ ಎಳೆಯೊಂದನ್ನು ಇಳಿಸಿದ್ದರು. ಯಂತ್ರದ ಮೂಲಕ ಆಗಿನ ರಾಷ್ಟ್ರಗೀತೆ 'ಗಾಡ್ ಸೇವ್ ದ ಕ್ವೀನ್' ಧಾಟಿ ಹರಿಸಿದಾಗ ಸಾಂಡರ್ಸ್‌ಗೆ ಗುರುತು ಹತ್ತಿತು. ಗೌರವದಿಂದ ಎದ್ದು ನಿಂತರು.

ಕ್ಲಾರ್ಕ್‌ರ ತಂದೆ ಔಷಧ ಅಂಗಡಿ ನಡೆಸುತ್ತಿದ್ದರು. ಅವರಿಗೂ ಕಿವಿ ಮಂದ. ನಾಲ್ಕು ಜನರ ಮುಂದೆ ಹೇಳಲು ಸಂಕೋಚಪಡುವ ಕಾಯಿಲೆಯನ್ನೂ ಗಿರಾಕಿಗಳು ಗಟ್ಟಿಯಾಗಿ ಕೂಗಿ ಹೇಳಬೇಕಿತ್ತು. ಆ ಮುಜುಗರ ನೋಡಿ ಬೆಳೆದ ಹುಡುಗ ಮುಂದೆ ಕಿವಿಯ ವೈದ್ಯನಾದ. ಶಂಖದಂತೆ ಸುರುಳಿ ಸುತ್ತಿದ ಒಳಗಿವಿಗೆ ತಂತಿ ತೂರಿಸುವುದು ಹೇಗೆಂಬ ಚಿಂತೆಗೆ ಉತ್ತರ ಸಿಕ್ಕಿದ್ದು ಕಡಲತೀರದಲ್ಲಿ. ಅಲ್ಲಿ ಬಿದ್ದಿದ್ದ ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗಿದ್ದು ಬುಡ ಗಟ್ಟಿಯಾಗಿದ್ದರೆ ಅದು ಸುರುಳಿಯುದ್ದಕ್ಕೂ ಸರಾಗ ಸಾಗುತ್ತಿತ್ತು.

ಹೀಗೆ ಒಳಗಿವಿಗೆ ಇಳಿಸುವ ಸಾಧನವೇ ಕಾಕ್ಲಿಯರ್ ಇಂಪ್ಲಾಂಟ್. ಇವತ್ತಿನ ಇಂಪ್ಲಾಂಟ್‌ನಲ್ಲಿ ಸಾಮಾನ್ಯವಾಗಿ 12ರಿಂದ 22 ವಿದ್ಯುದಗ್ರಗಳಿರುತ್ತವೆ. ಸಹಜ ಕಿವಿಯಲ್ಲಿ ಮಾತು ಹೊತ್ತೊಯ್ಯುವ ಒಳಸಾಲಿನ ರೋಮಕೋಶಗಳೇ ಸುಮಾರು 3,500. ಅಷ್ಟು ಕೋಶಗಳ ಕೆಲಸ ಇಷ್ಟೇ ತುದಿಗಳ ಮೇಲೆ ಬೀಳುತ್ತದೆ. ಹಾಗಾಗಿ ಕಾಲದ ಅಳತೆ ಚೆನ್ನಾಗಿ ದಾಟುತ್ತದೆ, ಶ್ರುತಿಯ ಸೂಕ್ಷ್ಮ ದಾಟುವುದಿಲ್ಲ. 'ಬಳೆ' ಮತ್ತು 'ಬಾಳೆ'ಯ ವ್ಯತ್ಯಾಸ ಹಿಡಿಯುವುದು ಸುಲಭ. 'ಕಪ್ಪು' ಮತ್ತು 'ತಪ್ಪು' ಬೇರ್ಪಡಿಸುವುದು ಕಷ್ಟ. ಹಾಡಿನಲ್ಲಿ ತಾಳ ಸಿಗುತ್ತದೆ, ರಾಗ ಕೈಗೆ ಬರುವುದಿಲ್ಲ. ಅಮೆರಿಕದ ಲೇಖಕ ಮೈಕೆಲ್ ಕೊರೋಸ್ಟ್ 2001ರಲ್ಲಿ ಕಿವಿ ಕಳೆದುಕೊಂಡು ಇಂಪ್ಲಾಂಟ್ ಹಾಕಿಸಿಕೊಂಡ ಮೇಲೆ, ತಮಗೆ ಪ್ರಿಯವಾದ ರಾವೆಲ್‌ನ ಸಂಗೀತ ಕೃತಿ 'ಬೊಲೆರೊ' ಮತ್ತೆ ಕಿವಿಗೆ ಇಂಪಾಗಲೆಂದು ಒಂದಾದ ಮೇಲೊಂದು ಸಾಫ್ಟ್‌ವೇರ್ ಬದಲಿಸಿ ನೋಡುತ್ತ ವರ್ಷಗಳನ್ನೇ ಕಳೆದರು.

ಸ್ವಿಚ್ ಆನ್ ಮಾಡಿದ ಗಳಿಗೆಯ ವಿಡಿಯೊಗಳು ಮೊಬೈಲ್‌ಗಳಲ್ಲಿ ಓಡಾಡುತ್ತವೆ. ಮಗು ಬೆಚ್ಚಿ ನೋಡುತ್ತದೆ, ಅಮ್ಮ ಅಳುತ್ತಾಳೆ, ನಮಗೂ ಕಣ್ಣು ತುಂಬುತ್ತದೆ. ಆದರೆ ದೊಡ್ಡವರಾದ ಮೇಲೆ ಹಾಕಿಸಿಕೊಂಡವರಲ್ಲಿ ಅನೇಕರಿಗೆ ಮೊದಲು ಕೇಳಿಸುವುದು ಬರೀ ಕಿಚಿಪಿಚಿ, ಇಲ್ಲವೇ ಯಂತ್ರಮಾನವನ ದನಿ. ಅದು ಮಾತಾಗಲು ತಿಂಗಳುಗಟ್ಟಲೆ ಮ್ಯಾಪಿಂಗ್, ಅಂದರೆ ಯಂತ್ರವನ್ನು ಆಯಾ ಕಿವಿಗೆ ಹೊಂದಿಸುವ ಕೆಲಸ ಬೇಕು, ಅಭ್ಯಾಸ ಬೇಕು.

ಇಷ್ಟೆಲ್ಲ ಆದ ಮೇಲೆ ಬದುಕು ಹಸನಾಯಿತೇ? ಆಸ್ಪತ್ರೆಯ ನಿಶ್ಶಬ್ದ ಕೋಣೆಯಲ್ಲಿ ನೂರಕ್ಕೆ ಎಷ್ಟು ಪದ ಸರಿ ಹೇಳಿದರು ಎಂದು ಲೆಕ್ಕ ಹಾಕಿದರೆ ಇದಕ್ಕೆ ಉತ್ತರ ಸಿಗದು. 2000ದಲ್ಲಿ ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ರೂಪುಗೊಂಡ 60 ಪ್ರಶ್ನೆಗಳ ಪಟ್ಟಿ ಇದನ್ನು ಬೇರೆ ದಾರಿಯಲ್ಲಿ ಕೇಳಿತು. ಕೇಳುವುದು, ಮಾತಾಡುವುದರ ಜತೆಗೆ ಆತ್ಮವಿಶ್ವಾಸ, ದಿನದ ಕೆಲಸ, ಜನರೊಂದಿಗಿನ ಒಡನಾಟವನ್ನೂ ಅದು ವಿಚಾರಿಸುತ್ತದೆ. ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿಯೊಂದಿದೆ: ಪದಗಳ ಅಂಕಕ್ಕೂ ಬದುಕಿನ ತೃಪ್ತಿಗೂ ನಂಟು ತೆಳು. ಕಡಿಮೆ ಅಂಕದವರೊಬ್ಬರಿಗೆ ಹಿಂದೆ ಬರುವ ಬಸ್ಸಿನ ಹಾರ್ನ್, ಬಾಗಿಲಲ್ಲಿ ಯಾರೋ ಬಂದ ಸದ್ದು ಕೇಳಿಸಿದರೆ ಸಾಕು, ಒಂಟಿಯಾಗಿ ಹೊರಗೆ ಹೋಗುವ ಧೈರ್ಯ ಬರಬಹುದು. ಒಳ್ಳೆಯ ಅಂಕದವರು ಮದುವೆ ಛತ್ರದ ವಾಲಗ, ಗದ್ದಲದ ನಡುವೆ ಮಾತು ಹೆಕ್ಕಿ ಹೆಕ್ಕಿ ದಣಿದು ಊಟದ ಮೊದಲೇ ಮನೆಗೆ ಹೊರಡಬಹುದು. ಆ ದಣಿವನ್ನು ನಾವು ಗಂಭೀರವಾಗಿ ಎಣಿಸಬೇಕು ಎಂಬುದು ನನ್ನ ಅನಿಸಿಕೆ.

ಹುಟ್ಟು ಕಿವುಡಿನ ಮಕ್ಕಳಲ್ಲಿ ತೃಪ್ತಿಯ ದೊಡ್ಡ ಪಾಲು ಅಮ್ಮಂದಿರ ದುಡಿಮೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ತಾಯಂದಿರಿಗೂ ತರಬೇತಿ. ಅನ್ನ ಬಡಿಸುವಾಗ, ಬಟ್ಟೆ ಮಡಚುವಾಗ ಒಂದೇ ಮಾತನ್ನು ಹತ್ತು ಸಲ, ನೂರು ಸಲ ಆಡಬೇಕು. ಕೂಲಿ ಬಿಟ್ಟು, ಊರು ಬಿಟ್ಟು ಬಾಡಿಗೆ ಕೋಣೆ ಹಿಡಿದು ನಿಲ್ಲುವ ಹೆಣ್ಣುಮಕ್ಕಳ ಈ ದುಡಿಮೆಗೆ ಯಾವ ಯೋಜನೆಯಲ್ಲೂ ಬೆಲೆ ಕಟ್ಟಿಲ್ಲ.

2014ರಲ್ಲಿ ಪರಿಷ್ಕರಣೆಗೊಂಡ ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆ ಒಂದು ಮಗುವಿನ ಇಂಪ್ಲಾಂಟ್‌ಗೆ 6 ಲಕ್ಷ ರೂಪಾಯಿವರೆಗೆ ಕೊಡಲು ಒಪ್ಪಿತು. ಕರ್ನಾಟಕದಲ್ಲಿ 'ಶ್ರವಣ ಸಂಜೀವಿನಿ' ಯೋಜನೆ ಇದೆ. ಬಡವರ ಮನೆಗೆ ಇದು ಸಣ್ಣ ಮಾತಲ್ಲ. ಕಷ್ಟ ಶುರುವಾಗುವುದು ವಾರಂಟಿ ಮುಗಿದ ಮೇಲೆ. ತಲೆಬುರುಡೆಯೊಳಗಿನ ಭಾಗ ದಶಕಗಳ ಕಾಲ ಬಾಳಬಹುದು. ಕಿವಿಯ ಹಿಂದೆ ತೊಡುವ ಪ್ರೊಸೆಸರ್‌ಗೆ ಆ ಆಯಸ್ಸಿಲ್ಲ. ಬೆವರು, ಮಳೆಗಾಲದ ತೇವ ಅದಕ್ಕೆ ಆಗದು. ಕೇಬಲ್ ಮುರಿಯುತ್ತದೆ, ಬ್ಯಾಟರಿ ಸೋಲುತ್ತದೆ, ಹಳೆಯ ಮಾದರಿಗೆ ಬಿಡಿಭಾಗ ಬರುವುದೇ ನಿಲ್ಲುತ್ತದೆ.

ರಾತ್ರಿ ಯಂತ್ರ ಕಳಚಿಟ್ಟರೆ ಮಗುವಿಗೆ ಮತ್ತೆ ಮೌನ. ಕತ್ತಲಲ್ಲಿ ತುಟಿಯೂ ಕಾಣದು, ಹಾಗಾಗಿ ಹೇಳಬೇಕಾದ್ದನ್ನೆಲ್ಲ ದೀಪ ಆರಿಸುವ ಮೊದಲೇ ಹೇಳಬೇಕು. ಕೇಬಲ್ ಮುರಿದ ಮನೆಯಲ್ಲಿ ಆ ರಾತ್ರಿ ಹಗಲಿಗೂ ಚಾಚುತ್ತದೆ, ವಾರಗಟ್ಟಲೆ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ನಾಲ್ಕಾರು ಬದಲಿ ಕೇಬಲ್, ಎರವಲು ಕೊಡಲು ಕೆಲವು ಪ್ರೊಸೆಸರ್ ಇಟ್ಟರೆ, ರಿಪೇರಿ ಮುಗಿಯುವ ತನಕ ಮಗು ತರಗತಿಯಲ್ಲಿ ಸುಮ್ಮನೆ ಕೂರಬೇಕಾಗಿಲ್ಲ.