ಕಂಕುಳಿನ ತುರಿ: ನಾಚಿಕೆಯೂ ಸಲ್ಲದು, ಉದಾಸೀನವೂ ಸಲ್ಲದು

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗನೊಬ್ಬನು, ಉತ್ತರ ತಿಳಿದಿದ್ದರೂ ಕೈಯೆತ್ತುವುದನ್ನು ನಿಲ್ಲಿಸಿಬಿಟ್ಟನು. ಆಲಸ್ಯವೆಂದು ಭಾವಿಸಿ ಗದರಿಸಿದೆನು. ಪ್ರತ್ಯೇಕವಾಗಿ ಕರೆದು ವಿಚಾರಿಸಿದಾಗಲೇ ನಿಜ ಹೊರಬಿದ್ದಿತು: ಎರಡೂ ಕಂಕುಳುಗಳಲ್ಲಿ ತುರಿ, ಉರಿ, ಕೆಂಪು ಕಲೆ. ಅಂಗಡಿಯಿಂದ ತಂದ ಮುಲಾಮನ್ನು ಮೂರು ತಿಂಗಳು ಹಚ್ಚಿದ್ದನಂತೆ. ಹಚ್ಚಿದಾಗ ಶಮನ, ಬಿಟ್ಟೊಡನೆ ಮೊದಲಿಗಿಂತ ಅಗಲ. ಗದರಿಸಿದುದಕ್ಕೆ ನಾನೇ ನಾಚಿದೆನು.

ಕಂಕುಳು ಗಾಳಿಯಾಡದ ಸ್ಥಳ. ಅಲ್ಲಿ ಬೆವರು ಆರದು, ಚರ್ಮಕ್ಕೆ ಚರ್ಮ ಉಜ್ಜುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಒಣಗದ ಅಂಗಿಯೂ ಇದಕ್ಕೆ ಜೊತೆಯಾಗುತ್ತದೆ. ಹೀಗೆ ನೆನೆದು ಮೆತ್ತಗಾದ ಚರ್ಮದಲ್ಲಿ ಶಿಲೀಂಧ್ರವೆಂಬ, ಬೂಷ್ಟಿನ ಜಾತಿಯ ಜೀವಿ ಸುಲಭವಾಗಿ ಬೇರೂರುತ್ತದೆ. ಅಂಚು ಉಬ್ಬಿ ಉಂಗುರದಂತೆ ಹರಡಿದರೆ ಅದು ಬಹುಮಟ್ಟಿಗೆ ಹುಳುಕಡ್ಡಿ.

ಆದರೆ ಎಲ್ಲ ತುರಿಯೂ ಹುಳುಕಡ್ಡಿಯಲ್ಲ. ಸುಗಂಧದ್ರವ್ಯ ಒಗ್ಗದಿದ್ದರೆ ಸಾಮಾನ್ಯವಾಗಿ ಕಂಕುಳಿನ ಗುಳಿಯೇ ಕೆಂಪಾಗುತ್ತದೆ; ಬಟ್ಟೆಯ ಬಣ್ಣ ಒಗ್ಗದಿದ್ದರೆ ಗುಳಿ ಉಳಿದು, ಬಟ್ಟೆ ಉಜ್ಜುವ ಸುತ್ತಲಿನ ಅಂಚು ಕೆರಳುತ್ತದೆ. ಚರ್ಮವು ಕಪ್ಪಾಗಿ, ಮಖಮಲ್ಲಿನಂತೆ ದಪ್ಪನಾದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಲೇಸು. ನೋಯುವ ಕುರುಗಳು ಮತ್ತೆ ಮತ್ತೆ ಎದ್ದು, ಕೀವು ಸುರಿದು, ಕಲೆ ಉಳಿಸಿದರೆ ಅದು ಬೇರೆಯೇ ವ್ಯಾಧಿ. ಅಶುಚಿತ್ವದ ಫಲವಲ್ಲ, ಅಂಟುವುದೂ ಇಲ್ಲ. ಅದಕ್ಕೆ ಚರ್ಮವೈದ್ಯರ ಚಿಕಿತ್ಸೆ ಬೇಕು.

ಹುಡುಗನ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿತ್ತೆಂದು ವೈದ್ಯರು ತಿಳಿಸಿದರು. ಅದು ಉರಿಯನ್ನು ಅಡಗಿಸುತ್ತದೆ. ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಅದರೊಡನೆ ಹೋರಾಡುವ ಚರ್ಮದ ಶಕ್ತಿಯನ್ನೇ ಕುಂದಿಸುತ್ತದೆ. ಬಹುಕಾಲ ಬಳಸಿದರೆ ಚರ್ಮ ತೆಳುವಾಗಿ ಬಿರುಕಿನ ಗೆರೆಗಳು ಮೂಡುತ್ತವೆ. ವೈದ್ಯರು ಹಕ್ಕಳೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಶಿಲೀಂಧ್ರನಾಶಕ ಮುಲಾಮನ್ನೂ ಗುಳಿಗೆಯನ್ನೂ ಕೊಟ್ಟರು. ಕಲೆ ಮಾಯವಾದೊಡನೆ ಮದ್ದು ನಿಲ್ಲಿಸಬಾರದೆಂದೂ, ತಾವು ಹೇಳಿದ ಅವಧಿಯನ್ನು ಪೂರ್ತಿಗೊಳಿಸಬೇಕೆಂದೂ ಎಚ್ಚರಿಸಿದರು.

ಆ ಮನೆಯಲ್ಲಿ ಐವರಿಗೆ ಒಂದೇ ಬೈರಾಸು! ತಂಗಿಗೂ ತುರಿ ತಗಲಿತ್ತು. ಒಬ್ಬರಿಗೆ ಮಾತ್ರ ಮದ್ದು ಮಾಡಿದರೆ ರೋಗವು ಮನೆಯೊಳಗೇ ಸುತ್ತುತ್ತಿರುತ್ತದೆ. ಆದುದರಿಂದ ಮನೆಯವರು ಈ ಕೆಲವು ವಿಷಯಗಳನ್ನು ನೆನಪಿನಲ್ಲಿಡಬೇಕು. ಪ್ರತಿಯೊಬ್ಬರಿಗೂ ಪ್ರತ್ಯೇಕ ಬೈರಾಸು ಇರಲಿ. ಮಿಂದ ಬಳಿಕ ಕಂಕುಳನ್ನು ಉಜ್ಜದೆ, ಒತ್ತಿ ಒರಸಿ ಒಣಗಿಸಿರಿ. ಸಡಿಲವಾದ ಹತ್ತಿಯ ಅಂಗಿ ತೊಡಿರಿ. ಬೆವರಿದ ಅಂಗಿಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಿರಿ, ಬಿಸಿಲಿಲ್ಲದಿದ್ದರೆ ಇಸ್ತ್ರಿ ಮಾಡಿರಿ. ಕೆರಳಿದ ಚರ್ಮಕ್ಕೆ ನಿಂಬೆರಸ, ಅಡಿಗೆಸೋಡ, ಸುಗಂಧದ್ರವ್ಯ ತಾಗಿಸದಿರಿ. ಗುಣವಾಗುವವರೆಗೆ ಕ್ಷೌರದ ಅಲಗನ್ನೂ ದೂರವಿಡಿರಿ. ಜ್ವರ, ಕೀವು, ಗಡ್ಡೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ.

ಮಕ್ಕಳು ಇಂತಹದನ್ನು ತಾವಾಗಿ ಹೇಳಲಾರರು. ತಾಯ್ತಂದೆಗಳು ಕೇಳಬೇಕು, ಉಪಾಧ್ಯಾಯರು ಗದರುವ ಮೊದಲು ಕೇಳಬೇಕು. ದಸರೆಯ ರಜೆ ಮುಗಿದು ಶಾಲೆ ತೆರೆದ ದಿನ, ನಾನು ಪ್ರಶ್ನೆಯನ್ನು ಪೂರ್ತಿ ಕೇಳುವ ಮೊದಲೇ ಆ ಹುಡುಗನ ಕೈ ಮೇಲಕ್ಕೆದ್ದಿತು.